ಅಮ್ಮನನ್ನು ಬಿಟ್ಟು ಬರೆಯುವುದು ಹೇಗೆ

ನನಗೆ ಸಿಟ್ಟು ಬಂದರೆ ನಾನು ಬೈಯುವುದಿಲ್ಲ, ಪಾತ್ರೆ ತಿಕ್ಕುತ್ತೇನೆ. ಬೈಯಲು ಧೈರ್ಯ ಬೇಕು, ತಿಕ್ಕಲು ಹುಣಿಸೆಹಣ್ಣು ಸಾಕು. ನಿಮ್ಮಪ್ಪ ಪಾತ್ರೆ ತೊಳೆಯುವ ಮೆಷೀನು ತಂದು ಅಡುಗೆಮನೆಯಲ್ಲಿ ಕೂರಿಸಿದ ದಿನ, "ಅತ್ತೆ, ಇನ್ಮೇಲೆ ನಿಮಗೆ ಆರಾಮ" ಎಂದರು. ಹಾಗಾದರೆ ನನ್ನ ಸಿಟ್ಟನ್ನು ಎಲ್ಲಿಗೆ ತೆಗೆದುಕೊಂಡು ಹೋಗಲಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮೆಷೀನನ್ನೇ ಹೊರಗಿನಿಂದ ಫಳಫಳ ಒರೆಸಿಟ್ಟೆ.

ಹೋದ ಭಾನುವಾರ ಮಾತ್ರ ಮಾಡಬಾರದ ಕೆಲಸ ಮಾಡಿದೆ. ದೋಸೆ ಹಂಚನ್ನು ತಿಕ್ಕಿಬಿಟ್ಟೆ. ಮೇಘಾ, ನಿಖಿಲ್, ನೀವಿಬ್ಬರೂ ಆ ಹಂಚಿನ ದೋಸೆ ತಿಂದೇ ಬೆಳೆದವರು. ನಾನು ಮೆಲ್ಬರ್ನಿಗೆ ಬರುವಾಗ ಎರಡು ಸೀರೆಯ ನಡುವೆ ಸುತ್ತಿ ತಂದ ಹಂಚು ಅದು. ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವವನು ಅದನ್ನು ಎರಡೂ ಕಡೆ ತಿರುಗಿಸಿ, ಮೂಸಿ ನೋಡಿ, ಏನೂ ತೋಚದೆ ವಾಪಸು ಕೊಟ್ಟಿದ್ದ. ಕಬ್ಬಿಣದ ಹಂಚು ಪಳಗಲು ವರ್ಷಗಳು ಬೇಕು. ಎಣ್ಣೆ ಕುಡಿದು ಕುಡಿದು ಕಪ್ಪಗೆ ನುಣ್ಣಗೆ ಆದಮೇಲೆ ಅದನ್ನು ಯಾರೂ ತಿಕ್ಕುವುದಿಲ್ಲ, ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ ಅಷ್ಟೇ. ನಾನು ತಂತಿಯ ಬ್ರಷ್ ಹಿಡಿದು ಅದು ಬೆಳ್ಳಗಾಗುವವರೆಗೂ ತಿಕ್ಕಿದೆ. ನಿಮ್ಮಮ್ಮ ಓಡಿ ಬಂದಳು.

"ಅಮ್ಮಾ, ಏನ್ ಮಾಡ್ತಿದೀಯ? ಹಂಚನ್ನ ಯಾರಾದ್ರೂ ಹೀಗೆ ತಿಕ್ತಾರಾ?"

"ಜಿಡ್ಡಾಗಿತ್ತು."

"ಅದು ಜಿಡ್ಡಾಗೇ ಇರ್ಬೇಕಮ್ಮ! ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಸೋಮವಾರ ಒಂದು ದೋಸೆಯೂ ಮೇಲೇಳಲಿಲ್ಲ. ಎಲ್ಲವೂ ಹತ್ತಿಕೊಂಡು ಹರಿದು ಉಪ್ಪಿಟ್ಟಿನಂತಾದವು. ನಿಮ್ಮಪ್ಪ ಪಾಪ, ಚಮಚದಲ್ಲಿ ತಿಂದು ಕೆಲಸಕ್ಕೆ ಹೋದರು.

ಇದಕ್ಕೆಲ್ಲ ಕಾರಣ ನೀನು, ಮೇಘಾ. ಭಾನುವಾರ ಸಿಡ್ನಿಯಿಂದ ನೀನು ಮಾಡಿದ ಫೋನು. ನಿಖಿಲ್‌ಗೆ ಇದನ್ನು ನಿಮ್ಮಮ್ಮ ಓದಿ ಹೇಳಲಿ. ನಿನಗೆ ಕನ್ನಡ ಓದಲು ನಾನೇ ಕಲಿಸಿದ್ದೇನೆ, ನಿಧಾನವಾದರೂ ನೀನೇ ಓದು. ಏನು ಹೇಳಿದೆ ಅಂತ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

"ಅಜ್ಜಿ, ಗೆಸ್ ವಾಟ್, ಟೀಚರ್ ಟ್ರೇನಿಂಗಲ್ಲಿ ಈ ವಾರ ಫಸ್ಟ್ ಟೈಮ್ ನಾನೇ ಕ್ಲಾಸ್ ತಗೊಂಡೆ!"

"ಹೌದಾ ಪುಟ್ಟಿ? ಹೆಂಗಾಯ್ತು?"

"ಟೆರಿಬಲ್! ಅರ್ಧ ಕ್ಲಾಸ್ ವಿಯೆಟ್ನಾಮೀಸ್. ನಾರ್ವೆಸ್ಟ್ ಏರಿಯಾ ಆಫೀಸ್‌ಗಳಲ್ಲಿ ಕ್ಲೀನಿಂಗ್ ಮಾಡೋರು. ಪಾರ್ಟಿಸಿಪಲ್ ಕ್ಲಾಜ್ ಅಂತ ಒಂದಿದೆ ಅಜ್ಜಿ, ದೇ ಜಸ್ಟ್ ಡೋಂಟ್ ಗೆಟ್ ಇಟ್. ಒಬ್ರು ಆಂಟಿ ಇದಾರೆ, ಎಲ್ಲಾ ಸೆಂಟೆನ್ಸಲ್ಲೂ ಮೈ ಮದರ್, ಮೈ ಮದರ್, ಮೈ ಮದರ್. ನನ್ ಕೆಂಪು ಪೆನ್ನೇ ಖಾಲಿ ಆಯ್ತು. ಐ ಥಿಂಕ್ ಶಿ ಈಸ್ ಎ ಬಿಟ್ ಥಿಕ್."

ಮಂದಬುದ್ಧಿ ಎಂದೆ ನೀನು. ಎಂದು ನಕ್ಕೆ. ನಾನು ಈ ಕಡೆಯಿಂದ "ಹೂಂ" ಎಂದೆ. ಊಟ ಆಯಿತೇ ಎಂದು ಕೇಳಿ ಫೋನಿಟ್ಟು ಅಡುಗೆಮನೆಗೆ ನಡೆದೆ. ಕಣ್ಣಿಗೆ ಮೊದಲು ಬಿದ್ದದ್ದು ಹಂಚು.

ಆ 'ಹೂಂ' ನನ್ನನ್ನು ನಾಲ್ಕು ದಿನದಿಂದ ಸುಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಎದುರಿಗೆ ಮಾತಾಡಲು ನನಗೆ ಈ ವಯಸ್ಸಿನಲ್ಲೂ ನಾಲಿಗೆ ಏಳುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ.

ನೀನು ಹೇಳಿದ ಆ ಪಾರ್ಟಿಸಿಪಲ್ ಕ್ಲಾಜು ನನಗೂ ಗೊತ್ತು. ಕೋಲಾರದ ಕಡೆಯ ಹಳ್ಳಿಯಲ್ಲಿ ಏಳನೆಯ ಕ್ಲಾಸು ಓದಿದ ಅಜ್ಜಿಗೆ ಅದು ಹೇಗೆ ಗೊತ್ತು ಎನ್ನಬೇಡ. ಒಬ್ಬರೇ ಎರಡು ಕೆಲಸ ಮಾಡಿದಾಗ, ಮೊದಲ ಕೆಲಸಕ್ಕೆ ಒಂದು ಬಾಲ ಅಂಟಿಸಿ, ಮಾಡಿದವರನ್ನು ಅಲ್ಲಿಂದ ತೆಗೆದು, ಎರಡನೆಯ ಕೆಲಸದ ಹತ್ತಿರ ಮಾತ್ರ ಅವರನ್ನು ಹೇಳುವುದು. 'ಬಾಗಿಲು ತೆರೆದು ಅವಳು ಬೆಕ್ಕನ್ನು ನೋಡಿದಳು.' ಇಷ್ಟೇ. ಇಂಗ್ಲಿಷಿನವರು ಇದನ್ನು ದೊಡ್ಡ ವಿದ್ಯೆ ಎಂಬಂತೆ ಕೊನೆಯ ಪಾಠದಲ್ಲಿಡುತ್ತಾರೆ. ನಮಗೆ ಇದು ತೊಟ್ಟಿಲಲ್ಲೇ ಬಂದಿರುತ್ತದೆ. ನಮ್ಮ ಮೇಷ್ಟ್ರು ಇದಕ್ಕೆ ಕೃದಂತಾವ್ಯಯ ಎಂದು ಹೆಸರು ಹೇಳಿದಾಗ ನಾನು ಯಾವುದೋ ರಾಕ್ಷಸ ಇರಬೇಕು ಎಂದುಕೊಂಡಿದ್ದೆ. ಆಮೇಲೆ ನೋಡಿದರೆ ನಮ್ಮಜ್ಜಿ ಅದನ್ನು ದಿನವಿಡೀ ಆಡುತ್ತಿದ್ದಳು. "ಎದ್ದು, ಮುಖ ತೊಳ್ದು, ಸಗಣಿ ಬಾಚಿ, ಒಲೆ ಹಚ್ಚಿ, ರಾಗಿ ಬೀಸಿ, ಮುದ್ದೆ ತೊಳ್ಸಿ, ಎಲ್ಲಾರ್ಗೂ ಇಕ್ಕಿ, ಕುಂತ್ಕೊಳ್ಳೋ ಹೊತ್ಗೆ ಮಧ್ಯಾಹ್ನ." ಇಷ್ಟೆಲ್ಲ ಮಾಡಿದ್ದು ಯಾರು ಎಂದು ಅದರಲ್ಲಿ ಎಲ್ಲೂ ಇಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮನೆಯಲ್ಲಿ ಇಷ್ಟು ಕೆಲಸ ಯಾರು ಮಾಡುತ್ತಾರೆ ಎಂದು ಕೇಳುವವರೆಲ್ಲರಿಗೂ ಗೊತ್ತು.

ಇಂಗ್ಲಿಷಿನಲ್ಲೂ ಇದುಂಟು ಎಂದು ನಾನು ತಿಳಿದದ್ದು ಇಲ್ಲೇ ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ. ನಿಮ್ಮ ತಾತ ಹೋದ ಮೇಲೆ ನಾನು ಇಲ್ಲಿಗೆ ಬಂದ ಎರಡನೆಯ ವರ್ಷ ಅದು. ಮೇಘಾ, ನೀನಾಗ ಪ್ರೈಮರಿ ಶಾಲೆಯ ಕೊನೆಯ ತರಗತಿಗಳಲ್ಲಿದ್ದೆ. ನಿಖಿಲ್ ಆಗತಾನೇ ಶಾಲೆಗೆ ಸೇರಿದ್ದ. ನಿಮ್ಮಮ್ಮ ಬಾಕ್ಸ್ ಹಿಲ್ ಆಸ್ಪತ್ರೆಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಗಲೆಲ್ಲ ನಾನು ಕಿಟಕಿಯಲ್ಲಿ ಕೂತು ಎದುರು ಮನೆಯವರ ನಾಯಿಯನ್ನು ನೋಡುತ್ತಿದ್ದೆ, ಅದು ನನ್ನನ್ನು ನೋಡುತ್ತಿತ್ತು. ಇದು ಸರಿಯಿಲ್ಲ ಎಂದು ನಿಮ್ಮಮ್ಮ ನನ್ನನ್ನು ಮಾರ್ಕೆಟ್ ಹಿಂದಿನ ಹಾಲ್‌ನಲ್ಲಿ ನಡೆಯುತ್ತಿದ್ದ ಇಂಗ್ಲಿಷ್ ತರಗತಿಗೆ ಸೇರಿಸಿದಳು.

ತರಗತಿಯಲ್ಲಿ ಹೆಚ್ಚಿನವರು ವಿಯೆಟ್ನಾಮಿನವರು. ಟೀಚರ್ ಹೆಸರು ಜೂಡಿ. "ಟೀಚರ್ ಅನ್ನಬೇಡಿ, ಜೂಡಿ ಅನ್ನಿ, ನನಗೊಂದು ಹೆಸರಿದೆ" ಎಂದು ಮೊದಲ ದಿನವೇ ಹೇಳಿದರು. ಕಲಿಸುವವರನ್ನು ಹೆಸರು ಹಿಡಿದು ಕರೆದರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ ಎಂದು ನಂಬಿದವಳು ನಾನು. ಬೆಂಚಿನಲ್ಲಿ ಪಕ್ಕಕ್ಕೆ ನೋಡಿದೆ. ಅಲ್ಲಿ ಕೂತಿದ್ದ ಹೆಂಗಸಿನ ಮುಖದಲ್ಲೂ ಅದೇ ಗಾಬರಿ. ಅವಳು ಎರಡೂ ಕೈ ಎದೆಗೆ ಕಟ್ಟಿ ತಲೆ ಬಾಗಿಸಿ "ಯೆಸ್ ಟೀಚರ್" ಎಂದಳು. ನಮ್ಮ ಶಾಲೆಯಲ್ಲಿ ನಾವು ಕೈ ಕಟ್ಟಿ ನಿಲ್ಲುತ್ತಿದ್ದ ಹಾಗೆಯೇ. ಆ ಕ್ಷಣವೇ ಅವಳು ನನ್ನವಳಾದಳು.

ಅವಳೇ ಲಿಯೆನ್. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ನನ್ನನ್ನು 'ಚಿ' ಎಂದು ಕರೆದಾಗ ಮೊದಲು ಛೀ ಎಂದಳೆಂದು ಬೇಸರವಾಯಿತು, ಆಮೇಲೆ ಕೇಳಿದರೆ ಅಕ್ಕ ಎಂದು ಅರ್ಥವಂತೆ. ಅವಳ ಮಾತಿನಲ್ಲಿ ನಾನು ನೀನು ಎನ್ನುವುದು ಕಡಿಮೆಯಂತೆ. ಅಕ್ಕ ಬಂದಳು, ತಂಗಿ ಟೀ ಕೊಡುತ್ತಾಳೆ, ಹೀಗೇ ಮಾತು. ಅವರೂರಿನಲ್ಲಿ ಅವಳು ಸೂಲಗಿತ್ತಿ, ಆಸ್ಪತ್ರೆಯಲ್ಲಿ ತರಬೇತಾದ ಸೂಲಗಿತ್ತಿ. ಅವಳ ತಾಯಿಯೂ ಅದೇ ಕೆಲಸದವರು, ಅವಳಿಗೆ ಕೈ ಹಿಡಿದು ಕಲಿಸಿದವರು. ಇಲ್ಲಿ ಅವಳು ಕೋಳಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿದ್ದಳು. ಮಂಜುಗಡ್ಡೆಯಂಥ ಕೋಳಿಗಳನ್ನು ಹಿಡಿದು ಹಿಡಿದು ಬೆರಳು ಊದಿಕೊಂಡಿರುತ್ತಿದ್ದವು. "ಅಕ್ಕ, ಈ ಕೈ ಬಿಸಿ ಇರಬೇಕು. ಮಗು ಹೊರಗೆ ಬಂದಾಗ ಮೊದಲು ಮುಟ್ಟುವುದು ಈ ಕೈ" ಎಂದು ಒಮ್ಮೆ ತನ್ನ ಕೈಗಳನ್ನು ನನ್ನ ಮುಂದೆ ಚಾಚಿದಳು. ನಮ್ಮಿಬ್ಬರ ಇಂಗ್ಲಿಷೂ ಹರಕು ಮುರುಕು. ಅದನ್ನು ಹಾಗೇ ಬರೆದರೆ ನೀವು ನಗುತ್ತೀರಿ. ನಾನು ಅರ್ಥ ಮಾಡಿಕೊಂಡ ಹಾಗೆ ಬರೆಯುತ್ತಿದ್ದೇನೆ.

ಬಾಕ್ಸ್ ಹಿಲ್‌ನಲ್ಲಿ ಆಸ್ಪತ್ರೆ ಸಹಾಯಕಿಯರಿಗೆ ಒಂದು ಕೋರ್ಸ್ ಇತ್ತು. ಅದಕ್ಕೆ ಸೇರಿದರೆ ಹೆರಿಗೆ ವಾರ್ಡಿನ ಬಾಗಿಲಾದರೂ ಸಿಗುತ್ತದೆ, ಮುಂದಿನದು ಆಮೇಲೆ ಎಂದು ಅವಳ ಲೆಕ್ಕಾಚಾರ. ಸೇರಲು ನಮ್ಮ ತರಗತಿಯ ಬರವಣಿಗೆಯ ಪರೀಕ್ಷೆ ಪಾಸಾಗಬೇಕು, ಜೂಡಿ ತಮ್ಮ ಪಟ್ಟಿಯಲ್ಲಿ ಹೆಸರು ಬರೆಯಬೇಕು. ನನಗೆ ಆ ಪರೀಕ್ಷೆಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅವಳಿಗೆ ಎಲ್ಲವೂ ಅದೇ.

ಪರೀಕ್ಷೆಯ ಮುಖ್ಯ ಪಾಠ ಇದೇ, ಎರಡು ವಾಕ್ಯ ಕೂಡಿಸಿ ಒಂದು ಮಾಡುವುದು. ಮೊದಲ ವಾರ ನಾನು ಸರಸ್ವತಿಯ ಅವತಾರವೇ ಆಗಿಬಿಟ್ಟೆ. ಕನ್ನಡದಲ್ಲಿ ಯೋಚಿಸಿ ಬಾಲ ಅಂಟಿಸಿದರೆ ಆಯಿತು. ಜೂಡಿ ನನ್ನ ನೋಟ್‌ಬುಕ್ ಎತ್ತಿ ಹಿಡಿದು "ಎಕ್ಸಲೆಂಟ್!" ಎಂದು ಎಲ್ಲರಿಗೂ ತೋರಿಸಿದರು. ಹುಟ್ಟಿದ ಮೇಲೆ ನನ್ನ ನೋಟ್‌ಬುಕ್ಕನ್ನು ಯಾರೂ ಎತ್ತಿ ಹಿಡಿದಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ನನ್ನ ಬುದ್ಧಿ ಎಂದುಕೊಂಡೆ. ನಮ್ಮಜ್ಜಿ ಸಗಣಿ ಬಾಚುತ್ತಾ ಸಂಪಾದಿಸಿಟ್ಟದ್ದನ್ನು ನಾನು ಖರ್ಚು ಮಾಡುತ್ತಿದ್ದೇನೆ ಎಂದು ಹೊಳೆಯಲಿಲ್ಲ. ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಪಕ್ಕದ ಲಿಯೆನ್‌ಳನ್ನು ನೋಡಿ, ಇಷ್ಟು ಸುಲಭದ್ದೂ ಇವಳಿಗೆ ಬರುವುದಿಲ್ಲವಲ್ಲ, ಸ್ವಲ್ಪ ಮಂದವೋ ಏನೋ ಎಂದು ನಾನೂ ಅಂದುಕೊಂಡೆ. ಭಾನುವಾರ ನೀನು ಅಂದೆಯಲ್ಲ, ಅದೇ ಮಾತು. ನಿನ್ನ ಮೇಲೆ ನನಗೆ ಇಷ್ಟು ಸಿಟ್ಟು ಬಂದದ್ದು ಅದಕ್ಕೂ ಇರಬಹುದು.

ವಿಯೆಟ್ನಾಮಿನವರಿಗೆ ಕಷ್ಟವಾಗುವುದು ಯಾಕೆ ಎಂದು ನಿಮ್ಮ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದಾರೋ ಇಲ್ಲವೋ. ನಾನು ಬೆಂಚಿನಲ್ಲಿ ಕೂತು ಕಲಿತದ್ದನ್ನು ಹೇಳುತ್ತೇನೆ. ಅವರ ಮಾತಿನಲ್ಲಿ ಕ್ರಿಯಾಪದಕ್ಕೆ ಬಾಲವೇ ಇಲ್ಲ. ಹೋಗು ಎಂಬುದು ನಿನ್ನೆಯೂ ಹೋಗು, ನಾಳೆಯೂ ಹೋಗು. ಕೆಲಸಗಳು ಒಂದರ ಹಿಂದೆ ಒಂದು ಸಾಲಾಗಿ, ತಮ್ಮ ತಮ್ಮ ಕಾಲ ಮೇಲೆ ನಿಲ್ಲುತ್ತವೆ. ನಮ್ಮವು ಒಂದರ ಸೆರಗು ಇನ್ನೊಂದು ಹಿಡಿದು ರೈಲಾಟ ಆಡುತ್ತವೆ. ಹುಟ್ಟಿದಾರಭ್ಯ ಸಾಲಿನಲ್ಲಿ ನಿಂತವರಿಗೆ ಐವತ್ತನೆಯ ವಯಸ್ಸಿನಲ್ಲಿ ಸೆರಗು ಹಿಡಿ ಎಂದರೆ ಯಾರ ಸೆರಗು, ಯಾವಾಗ ಹಿಡಿಯಬೇಕು ಎಂದು ಹೇಗೆ ತಿಳಿಯಬೇಕು? ಹಿಂದಿನ ಬೆಂಚಿನಲ್ಲಿ ವೆಲ್ಡಿಂಗ್ ಕೆಲಸದ ಒಬ್ಬ ಹಿರಿಯರಿದ್ದರು. ಅವರು ಯಾವುದಕ್ಕೆ ಹಾಕಬೇಕೋ ತಿಳಿಯದೆ, ಯಾರಿಗೂ ಅನ್ಯಾಯವಾಗದಿರಲಿ ಎಂದು, ಎಲ್ಲ ಪದಕ್ಕೂ 'ಇಂಗ್' ಎಂಬ ಬಾಲ ಹಾಕಿಕೊಂಡು ಬರುತ್ತಿದ್ದರು. ಕುರ್ಚಿಗೂ ಹಾಕಿದ್ದರು.

ಇನ್ನು ಆ ಕೆಲಸ ಮಾಡಿದವರು ಯಾರು ಎಂಬ ಗೊಂದಲ. ಜೂಡಿ ಒಂದು ದಿನ ಬೋರ್ಡಿನ ಮೇಲೆ 'ಜೋರಾಗಿ ಅಳುತ್ತಾ ತಾಯಿ ಮಗುವನ್ನು ಎತ್ತಿಕೊಂಡಳು' ಎಂದು ಬರೆದರು. ಟೀ ವಿರಾಮದಲ್ಲಿ ಲಿಯೆನ್ ಕೇಳಿದಳು, "ಅಕ್ಕ, ಅಳುತ್ತಿರುವುದು ಯಾರು?"

"ತಾಯಿ."

"ತಾಯಿ ಯಾಕೆ ಅಳುತ್ತಾಳೆ? ಮಗು ಅಲ್ಲವಾ ಅಳುವುದು? ಅಳುತ್ತಿದೆ ಅಂತ ತಾನೇ ತಾಯಿ ಎತ್ತಿಕೊಂಡದ್ದು?"

"ಟೀಚರ್ ತಾಯಿ ಅಂದರಲ್ಲ."

"ಹೆರಿಗೆ ವಾರ್ಡಿನಲ್ಲಿ ಹೀಗೆ ಬರೆದಿಟ್ಟು ನಾನು ಮನೆಗೆ ಹೋದರೆ, ಆಮೇಲೆ ಬಂದ ನರ್ಸು ಔಷಧಿ ಯಾರಿಗೆ ಕೊಡುತ್ತಾಳೆ?"

ಇಬ್ಬರೂ ಟೀ ಚೆಲ್ಲುವಷ್ಟು ನಕ್ಕೆವು. ಈ ಪ್ರಶ್ನೆಯನ್ನು ಟೀಚರನ್ನೇ ಕೇಳು ಎಂದೆ. ಅವಳು ಹೌಹಾರಿದಳು. ಪ್ರಶ್ನೆ ಕೇಳಿದರೆ ಟೀಚರ್ ಸರಿಯಾಗಿ ಹೇಳಿಕೊಡಲಿಲ್ಲ ಎಂದಂತಾಗುವುದಿಲ್ಲವೇ ಎಂದಳು. ನಾನು ಒಪ್ಪಿದೆ. ನಾನೇನು ಕೇಳುವವಳೇ?

ಆದರೆ ನಿಜವಾದ ತೊಡಕು ಇದು ಯಾವುದೂ ಅಲ್ಲ. ಅದು ನನಗೆ ತಿಳಿದದ್ದು ನಿಮ್ಮ ತಾತನಿಂದ. ಮನೆಯವರೊಬ್ಬರ ಬಗ್ಗೆ ಒಂದು ಪುಟ ಬರೆದು ತನ್ನಿ ಎಂದಿದ್ದರು ಜೂಡಿ, ನಾನು 'ನನ್ನ ಗಂಡ' ಎಂದು ಆರಿಸಿಕೊಂಡೆ. ನಾನು ಚೆನ್ನಾಗಿ ಬರೆದೆ. ಬೆಳಿಗ್ಗೆ ಎದ್ದು, ಸೈಕಲ್ ಒರೆಸಿ, ಪೋಸ್ಟಾಫೀಸಿಗೆ ಹೋಗಿ, ಓದು ಬಾರದವರಿಗೆ ಕಾಗದ ಓದಿ ಹೇಳಿ, ಸಂಜೆ ಬಂದು ಮಗಳಿಗೆ ಲೆಕ್ಕ ಹೇಳಿಕೊಟ್ಟು. ಬಾಲದ ಮೇಲೆ ಬಾಲ. ಜೂಡಿಗೆ ಬಹಳ ಇಷ್ಟವಾಯಿತು. "ಬ್ಯೂಟಿಫುಲ್! ಅವರ ಹೆಸರೇನು?" ಎಂದರು.

ನಾನು ನೆಲ ನೋಡಿದೆ. ಮದುವೆಯಾದ ಮೂವತ್ತು ಚಿಲ್ಲರೆ ವರ್ಷದಲ್ಲಿ ಆ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ರೇಷನ್ ಕಾರ್ಡಿನ ಆಫೀಸಿಗೆ ಹೋದಾಗ ಪಕ್ಕದ ಮನೆ ಶಾರದಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ, ಕೇಳಿದಾಗ ಹೇಳಲಿ ಎಂದು. ಜೂಡಿ ಇನ್ನೊಮ್ಮೆ ಕೇಳಿದರು. ಇಡೀ ತರಗತಿ ನನ್ನ ಕಡೆ ತಿರುಗಿತು. ನಾನು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ.

ವಿರಾಮದಲ್ಲಿ ಲಿಯೆನ್ ಮೆಲ್ಲಗೆ ಕೇಳಿದಳು. "ಅಕ್ಕ, ಗಂಡ ಕೆಟ್ಟವರಾ?"

"ಅಯ್ಯೋ ಇಲ್ಲ! ಒಳ್ಳೆಯವರು. ಅದಕ್ಕೇ ಹೆಸರು ಹೇಳುವುದಿಲ್ಲ."

ಅವಳು ತನ್ನ ನೋಟ್‌ಬುಕ್ ತೆಗೆದು ತೋರಿಸಿದಳು. 'ನನಗೆ ಕಲಿಸಿದವರು' ಎಂದು ಬರೆದಿದ್ದಳು. ನನ್ನ ಅಮ್ಮ ನೀರು ಕಾಯಿಸಿದಳು. ನನ್ನ ಅಮ್ಮ ಕೈ ತೊಳೆದುಕೊಂಡಳು. ನನ್ನ ಅಮ್ಮ ಹುಡುಗಿಯ ಬೆನ್ನು ಸವರಿದಳು. ನನ್ನ ಅಮ್ಮ ಕಾದಳು. ಒಂದೊಂದು ಅಮ್ಮನ ಮೇಲೂ ಕೆಂಪು ಗೀರು. ಪುಟ ನೋಡಿದರೆ ಪೆಟ್ಟು ಬಿದ್ದ ಹಾಗಿತ್ತು.

"ನಮ್ಮ ಮನೆಯಲ್ಲಿ ಚಿಕ್ಕವರು ಹಿರಿಯರನ್ನು ಬಿಟ್ಟು ಹಾಗೆ ಬರಿದೇ ಮಾತಾಡಬಾರದು" ಎಂದಳು. "ನೀರು ಕಾಯಿಸಿ, ಕೈ ತೊಳೆದು ಅಂದರೆ ಅಜ್ಜಿ ಬಾಯಿಗೆ ಹೊಡೆಯುತ್ತಿದ್ದಳು. ಯಾರು ಕಾಯಿಸಿದ್ದು? ಬೆಕ್ಕಾ? ಅಮ್ಮ ಕಾಯಿಸಿದಳು ಅನ್ನು. ನಮ್ಮಮ್ಮ ಈಗ ಇಲ್ಲ. ಅವಳ ಸಮಾಧಿಗೆ ಊದುಬತ್ತಿ ಹಚ್ಚಲು ನಾನು ಅಲ್ಲಿ ಇಲ್ಲ. ಇಲ್ಲಿ ಕಾಗದದ ಮೇಲೂ ಅವಳನ್ನು ತೆಗೆದುಹಾಕು ಅಂತಾರೆ. ನನ್ನ ಕೈ ಬರುವುದಿಲ್ಲ ಅಕ್ಕ."

ವಿಯೆಟ್ನಾಮಿನವರೆಲ್ಲ ಹೀಗೇ ಎಂದು ನಾನು ಹೇಳಲಾರೆ. ವೆಲ್ಡಿಂಗ್ ಹಿರಿಯರಿಗೆ ಇಂಥ ಕಷ್ಟವೇನೂ ಇರಲಿಲ್ಲ. ಆದರೆ ಇವಳಿಗೆ ಇತ್ತು. ಅವಳು ಕಲಿಯಲಾರದೆ ಬಿಟ್ಟದ್ದಲ್ಲ, ಕಲಿತು, ಬೇಡವೆಂದು ಬಿಟ್ಟದ್ದು. ಗೌರವಕ್ಕೆ ನಾನು ಹೆಸರು ಬಿಡುತ್ತೇನೆ, ಗೌರವಕ್ಕೆ ಅವಳು ಸಾಲುಸಾಲಿಗೂ ಹೇಳುತ್ತಾಳೆ. ನನಗೆ ಎಕ್ಸಲೆಂಟ್, ಅವಳಿಗೆ ಕೆಂಪು ಗೀರು. ಇದರಲ್ಲಿ ನನ್ನ ಜಾಣತನ ಎಲ್ಲಿ ಬಂತು, ಅವಳ ದಡ್ಡತನ ಎಲ್ಲಿ ಬಂತು?

ಜೂಡಿ "ಮುಂದಿನ ಸಲ ಕೂಡಿಸಿ ಬರೆಯುತ್ತೀಯಾ?" ಎಂದಾಗಲೆಲ್ಲ ಲಿಯೆನ್ ತಲೆ ಬಾಗಿಸಿ "ಯೆಸ್ ಟೀಚರ್" ಎನ್ನುತ್ತಿದ್ದಳು. ಅದರ ಅರ್ಥ, ನೀವು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ ಎಂದಷ್ಟೇ. ನಾನು ಫೋನಿನಲ್ಲಿ ನಿನಗೆ ಅಂದ 'ಹೂಂ' ಇದೆಯಲ್ಲ, ಹಾಗೆ. ಮುಂದಿನ ವಾರ ಮತ್ತೆ ಪುಟದ ತುಂಬ ಅಮ್ಮ. ಜೂಡಿಗೆ ರೇಗಿತು. ಹೌದು ಎನ್ನುತ್ತಾಳೆ, ಮಾಡುವುದಿಲ್ಲ. ಅವರಿಗೂ ಸಿಟ್ಟು ಬಂದದ್ದು ಸಹಜವೇ.

ಪರೀಕ್ಷೆಯಾದ ಮೇಲೆ ಜೂಡಿ ನನ್ನನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಲಿಯೆನ್‌ಳ ಉತ್ತರ ಪತ್ರಿಕೆ. "ನೀವು ದಿನಾ ಅವಳ ಪಕ್ಕ ಕೂರುತ್ತೀರಿ. ನಿಜ ಹೇಳಿ, ಅವಳಿಗೆ ಇದು ಅರ್ಥವಾಗುತ್ತದೋ ಇಲ್ಲವೋ?" ಎಂದರು.

ಮಕ್ಕಳೇ, ನನಗೆ ಎಲ್ಲ ಗೊತ್ತಿತ್ತು. ಬಾಯಿಗೆ ಹೊಡೆದ ಅಜ್ಜಿ, ಊದುಬತ್ತಿ ಕಾಣದ ಸಮಾಧಿ, ಎಲ್ಲ. ಆದರೆ ಕೇಳುತ್ತಿರುವವರು ಟೀಚರು. ಅವರಿಗೆ ಎದುರು ಹೇಳುವುದೆಂದರೆ ನಮ್ಮೂರಿನ ಶಾಲೆಯಲ್ಲಿ ಬೆರಳ ಗಂಟಿನ ಮೇಲೆ ರೂಲುದೊಣ್ಣೆಯ ಏಟು. ಅದೂ ಇಂಗ್ಲಿಷಿನಲ್ಲಿ ಹೇಳಬೇಕು. ಅದೂ ಒಬ್ಬಳೇ ನಿಂತು. "ಗೊತ್ತಿಲ್ಲ ಟೀಚರ್" ಎಂದೆ.

ಪಟ್ಟಿಯಲ್ಲಿ ಲಿಯೆನ್ ಹೆಸರು ಇರಲಿಲ್ಲ. ಗೋಡೆಗೆ ಅಂಟಿಸಿದ್ದ ಕಾಗದವನ್ನು ಅವಳು ಎರಡು ಸಲ ಓದಿ, ನನಗೆ ಕೈ ಬೀಸಿ, ಕಾರ್ಖಾನೆಯ ಬಸ್ಸಿಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆ ವಾರ ನಮ್ಮ ಮನೆಯ ಪಾತ್ರೆಗಳನ್ನು ನೀವು ನೋಡಬೇಕಿತ್ತು. ಕುಕ್ಕರಿನ ತಳದಲ್ಲಿ ನಿಮ್ಮಮ್ಮ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಂಡಳು. ಜೂಡಿಯ ಮೇಲೆ ಸಿಟ್ಟು, ಆ ಕೋರ್ಸಿನವರ ಮೇಲೆ ಸಿಟ್ಟು. ಹೆರಿಗೆ ಮಾಡಿಸಲು ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ, ವಾಕ್ಯ ಕೂಡಿಸಲು ಬರುತ್ತದೆಯೇ ಎಂದು ಕೇಳಿದರು. ನೋವು ತಿನ್ನುತ್ತಿರುವ ಬಸುರಿ ಯಾವತ್ತಾದರೂ ಸೂಲಗಿತ್ತಿಯ ವ್ಯಾಕರಣ ವಿಚಾರಿಸಿದ್ದುಂಟೇ? ಈ ಪ್ರಶ್ನೆಗಳನ್ನೆಲ್ಲ ನಾನು ಸಾರಿನ ಪಾತ್ರೆಗೆ ಕೇಳಿದೆ.

ಫೇಲಾದವರಿಗೆ ಮೂರು ವಾರ ಬಿಟ್ಟು ಇನ್ನೊಂದು ಪರೀಕ್ಷೆ ಎಂದು ಆಮೇಲೆ ತಿಳಿಯಿತು. ನನಗೆ ಹೊಳೆದದ್ದು ಇಡ್ಲಿ ತಟ್ಟೆ ತಿಕ್ಕುವಾಗ. ಮಾರನೆಯ ದಿನ ಬೆಂಚಿನಲ್ಲಿ ಕೇಳಿದೆ.

"ತಂಗಿ, ನಿನ್ನ ಅಮ್ಮನನ್ನು ಬಿಟ್ಟರೆ ತಪ್ಪು. ನಿನ್ನನ್ನು ನೀನು ಬಿಟ್ಟರೆ?"

"ನನ್ನನ್ನಾ? ನನ್ನನ್ನು ಬಿಟ್ಟರೆ ಏನು ತಪ್ಪು? ನಾನು ಚಿಕ್ಕವಳು."

"ಹಾಗಾದರೆ ಅಮ್ಮನ ವಿಷಯ ಬರೆಯಬೇಡ. ನಿನ್ನ ವಿಷಯ ಬರೆ. ಎಷ್ಟು ಬೇಕಾದರೂ ಬಿಡು."

ಅವಳು ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಅಕ್ಕ, ಮೊದಲೇ ಯಾಕೆ ಹೇಳಲಿಲ್ಲ?" ಎಂದು ನನ್ನ ತೋಳಿಗೆ ಗುದ್ದಿದಳು.

ಪರೀಕ್ಷೆಯಲ್ಲಿ ತಾನು ಮಾಡಿಸಿದ ಮೊದಲ ಹೆರಿಗೆಯ ಬಗ್ಗೆ ಬರೆದಳು. ನೀರು ಕಾಯಿಸಿ, ಕೈ ತೊಳೆದು, ದೀಪ ಹತ್ತಿರಕ್ಕೆ ಎಳೆದು, ಹೆದರಿದ್ದನ್ನು ತೋರಿಸಿಕೊಳ್ಳದೆ, ಮಗುವಿನ ತಲೆ ಹಿಡಿದು, ನಾನು ಕಾದೆ. ಇಡೀ ಪುಟದಲ್ಲಿ 'ನಾನು' ಇದ್ದದ್ದು ಅಲ್ಲೊಂದು ಇಲ್ಲೊಂದು. ಜೂಡಿ ಪತ್ರಿಕೆ ಎತ್ತಿ ಹಿಡಿದು "ಎಕ್ಸಲೆಂಟ್!" ಎಂದರು. ಪಟ್ಟಿಗೆ ಹೆಸರು ಬಂತು. ಲಿಯೆನ್ ನನಗೊಂದು ಡಬ್ಬಿಯ ತುಂಬ ತೆಂಗಿನಕಾಯಿ ಸಿಹಿ ತಂದುಕೊಟ್ಟಳು.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಸಿಹಿ ತಿನ್ನುತ್ತಾ ತಿನ್ನುತ್ತಾ ಇನ್ನೊಂದು ಸಿಟ್ಟು ಬಂತು, ಅದು ಇವತ್ತಿಗೂ ಹೋಗಿಲ್ಲ. ಕತ್ತಲ ಕೋಣೆಯಲ್ಲಿ ಒಬ್ಬಳೇ ನಿಂತು ಎರಡು ಜೀವ ಉಳಿಸಿದವಳು, ಆ ಕೆಲಸದಿಂದ ತನ್ನನ್ನು ತಾನೇ ಹತ್ತು ಸಲ ಅಳಿಸಿಕೊಂಡ ಮೇಲೆ ಬುದ್ಧಿವಂತೆ ಎನಿಸಿಕೊಂಡಳು. ಅಳಿಸಿಕೊಳ್ಳುವ ಉಪಾಯ ಹೇಳಿಕೊಟ್ಟವಳು ನಾನು. ಹೇಳಿಕೊಡಲು ಅಷ್ಟು ಸಲೀಸಾಗಿ ಬಂದದ್ದು ಯಾಕೆ? ನಮ್ಮಜ್ಜಿಯ ಮಾತಿನಲ್ಲಿ ನಮ್ಮಜ್ಜಿ ಎಲ್ಲಿದ್ದಳು?

ಕೊನೆಯ ತರಗತಿಯ ದಿನ ಎಲ್ಲರೂ ಹೋದ ಮೇಲೆ ನಾನು ಜೂಡಿಯ ಮೇಜಿನ ಮುಂದೆ ಹೋಗಿ ನಿಂತೆ. ಲಿಯೆನ್‌ಳ ಅಮ್ಮನ ವಿಷಯ ಹೇಳಿದೆ. ನನ್ನ ಗಂಡನ ಹೆಸರಿನ ವಿಷಯವೂ ಹೇಳಿದೆ. ಒಂದೂ ವಾಕ್ಯ ಕೂಡಲಿಲ್ಲ, ಎಲ್ಲ ತುಂಡು ತುಂಡು. ಜೂಡಿ ಪೆನ್ನಿಗೆ ಕ್ಯಾಪ್ ಹಾಕಿದರು. ಆಮೇಲೆ ಕೇಳಿದರು. "ಇದನ್ನು ನನಗೆ ಯಾರೂ ಯಾಕೆ ಹೇಳಲಿಲ್ಲ?"

ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಅವರನ್ನು ಚೆನ್ನಾಗಿ ಬೈದೆ. ಕೇಳಿದ್ದರೆ ತಾನೇ ಹೇಳುವುದು? ಕೆಂಪು ಪೆನ್ನು ಕೆಳಗಿಟ್ಟು ಒಂದು ದಿನ, ಒಂದೇ ದಿನ, ಯಾಕಮ್ಮ ಹೀಗೆ ಬರೆಯುತ್ತೀಯ ಎಂದು ಕೇಳಿದ್ದರೆ? ಮೂರು ಸ್ಟಾಪು ಬೈದೆ. ನಾಲ್ಕನೆಯ ಸ್ಟಾಪಿನಲ್ಲಿ ನೆನಪಾಯಿತು. ಕೇಳಿದ್ದರು. ನನ್ನನ್ನೇ ಕೇಳಿದ್ದರು. ನಾನು ಗೊತ್ತಿಲ್ಲ ಎಂದಿದ್ದೆ.

ಅವತ್ತು ನಾನು ಇಳಿಯಬೇಕಾದ ಸ್ಟಾಪು ಬಿಟ್ಟು ಎಲ್ಲೋ ಮುಂದೆ ಹೋಗಿ ಇಳಿದೆ.

ಲಿಯೆನ್ ಈಗ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದಾಳೆ. ಸಹಾಯಕಿಯಾಗಿ ಸೇರಿದವಳು ಹಟ ಹಿಡಿದು ಓದಿ ಮೇಲೆ ಹೋಗಿದ್ದಾಳೆ. ನಿಮ್ಮಮ್ಮ ಹೋದ ವರ್ಷ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ಅವಳು ಬರೆದ ಚಾರ್ಟು ನೋಡಿದಳಂತೆ. ಬಾಣಂತಿಯರನ್ನು ಅಲ್ಲಿ ಕಾಗದದಲ್ಲಿ ಮದರ್ ಎಂದೇ ಬರೆಯುತ್ತಾರಂತೆ. ಮದರ್ ನೀರು ಕುಡಿದಳು. ಮದರ್ ನಾಲ್ಕು ಹೆಜ್ಜೆ ನಡೆದಳು. ಮದರ್ ನಿದ್ದೆ ಮಾಡಿದಳು. "ಅಮ್ಮ, ನಿನ್ನ ಫ್ರೆಂಡ್ ನೋಟ್ಸ್ ಓದಿದ್ರೆ ಪೇಷಂಟ್ ಕಣ್ಮುಂದೆ ಬಂದು ನಿಲ್ತಾಳೆ. ಯಾರ ನೋಟ್ಸೂ ಇಷ್ಟು ಕ್ಲಿಯರ್ ಆಗಿ ಇರಲ್ಲ ಅಂತ ಅಲ್ಲಿನ ಸಿ‌ಸ್ಟರ್ರೇ ಹೇಳಿದ್ರು" ಎಂದಳು. ಸಾಲುಸಾಲಿಗೂ ತಾಯಿ. ಗೀರು ಹಾಕುವವರು ಯಾರೂ ಇಲ್ಲ.

ಮೇಘಾ, ಪಾರ್ಟಿಸಿಪಲ್ ಕಲಿಸಬೇಡ ಎಂದು ನಾನು ಹೇಳುತ್ತಿಲ್ಲ. ಕಲಿಸು, ಚೆನ್ನಾಗಿ ಕಲಿಸು. ಅದು ಬಾರದಿದ್ದರೆ ಲಿಯೆನ್ ಇನ್ನೂ ಕೋಳಿ ಹಿಡಿದುಕೊಂಡೇ ಇರುತ್ತಿದ್ದಳು. ಆದರೆ ನಿನ್ನ ಕ್ಲಾಸಿನ ಆ ಆಂಟಿಯನ್ನು ಬೋರ್ಡಿನ ಮುಂದೆ ನಿಲ್ಲಿಸಿ ಅರ್ಥವಾಯಿತೇ ಎಂದು ಕೇಳಬೇಡ, ಹೌದು ಎಂದೇ ಹೇಳುತ್ತಾಳೆ. ವಿರಾಮದಲ್ಲಿ ಒಂದು ಕಪ್ ಟೀ ತೆಗೆದುಕೊಂಡು ಅವಳ ಪಕ್ಕ ಕೂತು, ನಿಮ್ಮಮ್ಮ ಏನು ಮಾಡುತ್ತಿದ್ದರು ಎಂದು ಕೇಳು. ಪಕ್ಕದಲ್ಲಿ ಇನ್ಯಾರೋ ಮುದುಕಿ ತಲೆ ತಗ್ಗಿಸಿ ಕೂತಿದ್ದರೆ ಅವಳನ್ನೂ ಕೇಳು. ಗೊತ್ತಿಲ್ಲ ಎಂದರೆ ಎದ್ದು ಹೋಗಬೇಡ, ಇನ್ನೊಮ್ಮೆ ಕೇಳು. ನಮ್ಮಂಥವರು ಎರಡನೆಯ ಸಲ ಕೇಳಿದಾಗಲೇ ಬಾಯಿ ಬಿಡುವುದು.

ಹಂಚನ್ನು ನಾನು ಮತ್ತೆ ಪಳಗಿಸುತ್ತಿದ್ದೇನೆ. ದಿನಾ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುತ್ತೇನೆ. ಹರಿದ ದೋಸೆಗಳನ್ನು ನಾನೇ ತಿನ್ನುತ್ತೇನೆ, ತಿಕ್ಕಿದವಳು ನಾನೇ ಅಲ್ಲವೇ. ನಿನ್ನೆ ಒಂದು ಅಂಚು ತಾನಾಗಿ ಎದ್ದಿತು. ನೀನು ಈಸ್ಟರ್ ರಜೆಗೆ ಬರುವ ಹೊತ್ತಿಗೆ ಪೂರ್ತಿ ಏಳಬಹುದು. ಕೆಂಪು ಪೆನ್ನನ್ನು ಮಾತ್ರ ಸಿಡ್ನಿಯಲ್ಲೇ ಬಿಟ್ಟು ಬಾ. ಇಷ್ಟುದ್ದ ಬರೆದರೂ ಅಜ್ಜಿ ಒಂದು ಕಡೆಯೂ ತಾತನ ಹೆಸರು ಬರೆದಿಲ್ಲ ಎಂದು ಗುರುತು ಹಾಕುವ ಆಸೆ ನಿನಗೆ ಬಂದರೂ ಬಂದೀತು.